ಡಿಹ್ಯೂಮಿಡಿಫೈಯರ್ ಓಡುತ್ತಿದ್ದರೂ ನೆಲದಡಿಯ ಕೋಣೆ ಒಣಗದಿದ್ದರೆ: ಕರಾವಳಿಯ ಇಳಿಜಾರು ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಮಂಗಳೂರಿನ ಕದ್ರಿ, ಬಿಜೈ, ಬಿಕರ್ನಕಟ್ಟೆಗಳ ಏರುತಗ್ಗುಗಳಲ್ಲಿಯೂ ಉಡುಪಿಯಿಂದ ಮಣಿಪಾಲಕ್ಕೆ ಏರುವ ಗುಡ್ಡದ ಮೈಯಲ್ಲಿಯೂ ಕಟ್ಟಿದ ಅನೇಕ ಮನೆಗಳಿಗೆ ಒಂದು ಸಮಾನ ಲಕ್ಷಣವಿದೆ. ಮುಖ್ಯ ಅಂತಸ್ತು ರಸ್ತೆಯ ಮಟ್ಟದಲ್ಲಿರುತ್ತದೆ. ಅದರ ಕೆಳಗೆ, ನೆಲ ಇಳಿಜಾರಾಗಿರುವುದರಿಂದ ತಾನಾಗಿ ಒದಗಿಬಂದ, ಅರ್ಧ ಮಣ್ಣಿನೊಳಗೆ ಹೂತ ಒಂದು ಜಾಗವಿರುತ್ತದೆ. ಕೆಲವು ಮನೆಗಳಲ್ಲಿ ಅಲ್ಲಿ ನೆಟ್ಟಗೆ ನಿಲ್ಲಬಹುದು, ಕೆಲವು ಮನೆಗಳಲ್ಲಿ ಬಗ್ಗಿಯೇ ಓಡಾಡಬೇಕು. ಒಂದು ಗೋಡೆ ಗುಡ್ಡ ಕಡಿದ ಬರೆಗೆ ಆತುಕೊಂಡಿರುತ್ತದೆ, ಉಳಿದವು ಮುರಕಲ್ಲಿನವು, ಎಂದರೆ ಜಂಬಿಟ್ಟಿಗೆಯವು. ಪುಸ್ತಕದ ಪೆಟ್ಟಿಗೆಗಳು, ಸಾಗುವಾನಿಯ ಹಳೆಯ ಕಪಾಟುಗಳು, ಪಂಪಿನ ಸ್ಟಾರ್ಟರ್, ವಿದ್ಯುತ್ ಪ್ಯಾನಲ್ ಮುಂತಾದವು ಅಲ್ಲಿ ಸೇರಿಕೊಳ್ಳುತ್ತವೆ. ಮಳೆಗಾಲದ ನಡುವಿಗೆ ಬರುವಷ್ಟರಲ್ಲಿ ಅವೆಲ್ಲಕ್ಕೂ ಬೂಷ್ಟು ಹಿಡಿದು, ಮುಗ್ಗಲು ವಾಸನೆ ಮೆಟ್ಟಿಲೇರಿ ಮೇಲಿನ ಮನೆಗೂ ಬರುತ್ತದೆ.

ಇದಕ್ಕೆ ಪರಿಹಾರವೆಂದು ಈಚಿನ ವರ್ಷಗಳಲ್ಲಿ ಹಲವರು ತಜ್ಞರನ್ನು ಕರೆಸಿ, ಕೊಳವೆ ಮತ್ತು ಪಂಪು ಸಹಿತವಾದ ಸ್ಥಿರ ಡಿಹ್ಯೂಮಿಡಿಫೈಯರ್, ಎಂದರೆ ಗಾಳಿಯ ತೇವವನ್ನು ಹನಿಯಾಗಿಸಿ ತೆಗೆಯುವ ಯಂತ್ರ, ಅಳವಡಿಸಿಕೊಳ್ಳುತ್ತಿದ್ದಾರೆ. ಕೆಲಸ ಸರಿಯಾಗಿ ನಡೆದಿದ್ದರೆ ಅದು ಹಣಕ್ಕೆ ತಕ್ಕ ಫಲವನ್ನು ಖಂಡಿತ ಕೊಡುತ್ತದೆ. ಆದರೆ ಆಟಿ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಬಂದೊಡನೆ ಕೇಳಿಬರುವ ದೂರು ಒಂದೇ: ಯಂತ್ರ ಹಗಲಿರುಳು ಓಡುತ್ತಿದೆ, ವಿದ್ಯುತ್ ಬಿಲ್ಲು ಏರುತ್ತಿದೆ, ಆರ್ದ್ರತೆ ಮಾತ್ರ ಶೇಕಡಾ 80ರ ಕೆಳಗೆ ಇಳಿಯುತ್ತಿಲ್ಲ. ಇಂಥ ಸಂದರ್ಭದಲ್ಲಿ ಬಹಳಷ್ಟು ಜನ ಮೊದಲು ಯಂತ್ರದೊಳಗಿನ ತಣಿಸುವ ಗ್ಯಾಸ್ ಪರೀಕ್ಷಿಸಲು ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಮಾಡಬೇಕಾದ ಕೆಲಸ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವ ಈ ನೆಲದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ನೀರು ಒಳಗೆ ಬರುತ್ತಿರುವುದು ಎಲ್ಲಿಂದ ಎಂಬುದು.

ಒಳಗೆ ಇಳಿಯುವ ಮೊದಲು

ನೆಲದ ಮೇಲೆ ನೀರು ನಿಂತಿದ್ದರೆ ಆ ಜಾಗದ ವಿದ್ಯುತ್ತನ್ನು ಮೇಲಿನ ಮುಖ್ಯ ಸ್ವಿಚ್ಚಿನಲ್ಲಿಯೇ ಕಡಿದು, ಆಮೇಲಷ್ಟೇ ಕಾಲಿಡಬೇಕು. ಯಂತ್ರಕ್ಕೆ ಪ್ರತ್ಯೇಕ ಲೈನು, ಸರಿಯಾದ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದೊಡನೆ ಲೈನನ್ನು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚು ಇರಲೇಬೇಕು. ಇಲ್ಲದಿದ್ದರೆ ಉಳಿದ ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು ಅದನ್ನು ಮೊದಲು ಮಾಡಿಸಬೇಕು. ಇನ್ನೊಂದು ವಿಷಯವನ್ನು ಹಲವರು ಗಮನಿಸುವುದಿಲ್ಲ. ತೇವ ತಡೆಯಲೆಂದು ಕೋಣೆಯನ್ನು ಬಿಗಿಯಾಗಿ ಮುಚ್ಚಿದ ಮೇಲೆ ಅದೇ ಕೋಣೆಯಲ್ಲಿ ಇನ್ವರ್ಟರಿನ ಸೀಸ–ಆಮ್ಲದ ಬ್ಯಾಟರಿಯನ್ನಾಗಲಿ, ಅಡುಗೆ ಅನಿಲದ ಸಿಲಿಂಡರನ್ನಾಗಲಿ ಇಡುವುದು ಅಪಾಯಕಾರಿ. ಬ್ಯಾಟರಿ ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಅನಿಲವಾಗಲಿ, ಸೋರಿದ ಅಡುಗೆ ಅನಿಲವಾಗಲಿ ಗಾಳಿಯಾಡದ ಜಾಗದಲ್ಲಿ ಕೂಡಿಕೊಂಡರೆ ಒಂದು ಕಿಡಿ ಸಾಕು. ಅವನ್ನು ಗಾಳಿಯಾಡುವ ಬೇರೆ ಜಾಗಕ್ಕೆ ಸಾಗಿಸಿದ ಮೇಲೆಯೇ ಮುಂದಿನ ಕೆಲಸ.

ಅಳತೆ ನಂಬುವಂತಿದೆಯೇ?

ಯಂತ್ರದ ಮುಖದ ಮೇಲೆ ಕಾಣುವ ಅಂಕಿ ಯಂತ್ರದ ಬಾಯಿಗೆ ಬರುವ ಗಾಳಿಯ ಅಂಕಿ. ಅದು ಕೋಣೆಯ ಅಂಕಿಯಲ್ಲ. ಹೊರಬಿಟ್ಟ ಒಣ ಗಾಳಿ ಎದುರಿನ ಕಪಾಟಿಗೆ ಬಡಿದು ಮತ್ತೆ ಅದೇ ಬಾಯಿಗೆ ಮರಳುತ್ತಿದ್ದರೆ, ಆಚೆ ಮೂಲೆಯಲ್ಲಿ ಬೂಷ್ಟು ಬೆಳೆಯುತ್ತಿರುವಾಗಲೂ ಯಂತ್ರ ತನ್ನ ಕೆಲಸ ಮುಗಿಯಿತೆಂದು ನಿಂತುಬಿಡುತ್ತದೆ. ಆದ್ದರಿಂದ ಉಷ್ಣಾಂಶ ಮತ್ತು ಆರ್ದ್ರತೆ ಎರಡನ್ನೂ ತೋರಿಸುವ ಒಂದೆರಡು ಚಿಕ್ಕ ಮಾಪಕಗಳನ್ನು ಕೊಂಡು, ಒಂದನ್ನು ಬರೆಯ ಕಡೆಯ ಗೋಡೆಯ ಬಳಿ, ಯಂತ್ರದಿಂದ ಆದಷ್ಟು ದೂರದಲ್ಲಿ ಇಡಬೇಕು. ಇನ್ನೊಂದನ್ನು ಮನೆಯ ಹೊರಗೆ ಮಳೆ ತಾಗದ ನೆರಳಿನಲ್ಲಿ ತೂಗಬೇಕು.

ಅಗ್ಗದ ಮಾಪಕಗಳು ಐದು ಅಂಕಿಯಷ್ಟು ತಪ್ಪುವುದು ಸಾಮಾನ್ಯ, ಕರಾವಳಿಯ ಗಾಳಿಯಲ್ಲಿ ಒಂದೆರಡು ವರ್ಷ ಕಳೆದರೆ ಇನ್ನೂ ಹೆಚ್ಚು. ಅದನ್ನು ಮನೆಯಲ್ಲಿಯೇ ಸರಿನೋಡಬಹುದು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಅದು ಒದ್ದೆಯಾಗುವಷ್ಟು ಮಾತ್ರ, ಕರಗದಷ್ಟು ನೀರಿನ ಹನಿಗಳನ್ನು ಹಾಕಿ, ಮಾಪಕದೊಂದಿಗೆ ಗಾಳಿಯಾಡದ ಚೀಲದಲ್ಲಿ ಮುಚ್ಚಿ, ಉಷ್ಣಾಂಶ ಹೆಚ್ಚು ಏರಿಳಿಯದ ಜಾಗದಲ್ಲಿ ಒಂದು ರಾತ್ರಿ ಇಡಬೇಕು. ಒದ್ದೆ ಉಪ್ಪು ತನ್ನ ಸುತ್ತಲಿನ ಗಾಳಿಯನ್ನು ಶೇಕಡಾ 75ರ ಆರ್ದ್ರತೆಗೆ ತಂದು ನಿಲ್ಲಿಸುತ್ತದೆ; ನಮ್ಮ ಹವೆಯಲ್ಲಿ ಆ ಅಂಕಿ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಬೆಳಿಗ್ಗೆ ಮಾಪಕ 70 ತೋರಿಸಿದರೆ ಮುಂದಿನ ಎಲ್ಲ ಓದುಗಳಿಗೂ ಐದನ್ನು ಕೂಡಿಸಿಕೊಳ್ಳಬೇಕು. 60 ಅಥವಾ 90 ತೋರಿಸಿದರೆ ಆ ಮಾಪಕವನ್ನು ಬಿಟ್ಟು ಬೇರೆಯದನ್ನು ಕೊಳ್ಳುವುದೇ ಮೇಲು.

ಮಾಪಕ ಸರಿಯಿದ್ದರೂ ಆರ್ದ್ರತೆಯ ಶೇಕಡಾವಾರು ಅಂಕಿಯೊಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ಯಂತ್ರವು ಗಾಳಿಯ ನೀರನ್ನು ಹನಿಯಾಗಿಸುವಾಗ ಆ ನೀರು ಆವಿಯಾಗಲು ಹೀರಿಕೊಂಡಿದ್ದ ಶಾಖವೆಲ್ಲ ಕೋಣೆಗೇ ಮರಳುತ್ತದೆ. ದಿನಕ್ಕೆ ಹತ್ತು ಲೀಟರ್ ನೀರು ತೆಗೆದರೆ ಸುಮಾರು ಏಳು ಯೂನಿಟ್ಟಿನಷ್ಟು ಶಾಖ, ಅದರ ಮೇಲೆ ಯಂತ್ರ ಬಳಸಿದ ವಿದ್ಯುತ್ತಿನ ಶಾಖವೂ ಸೇರಿ, ಮುಚ್ಚಿದ ಕೋಣೆ ಬಿಸಿಯಾಗುತ್ತದೆ. 27 ಡಿಗ್ರಿಯಲ್ಲಿ ಶೇಕಡಾ 80 ಆರ್ದ್ರತೆಯಿರುವ ಗಾಳಿ 30 ಡಿಗ್ರಿಗೆ ಬಿಸಿಯಾದರೆ, ಅದರಿಂದ ಒಂದು ಹನಿ ನೀರು ತೆಗೆಯದಿದ್ದರೂ ಮಾಪಕ 67 ತೋರಿಸುತ್ತದೆ. ರಾತ್ರಿ ಯಂತ್ರ ನಿಂತು ಕೋಣೆ ತಣಿದಾಗ ಆ ಅಂಕಿ ಮತ್ತೆ ಎಂಬತ್ತಕ್ಕೆ ಏರುತ್ತದೆ. ಮನೆಯವರು ಅದನ್ನು ಯಂತ್ರದ ಸೋಲೆಂದು ತಿಳಿಯುತ್ತಾರೆ. ನಿಜಸ್ಥಿತಿ ತಿಳಿಯಬೇಕಾದರೆ ಇಬ್ಬನಿ ಬಿಂದುವನ್ನು, ಎಂದರೆ ಗಾಳಿಯ ಆವಿ ಹನಿಗಟ್ಟಲು ತೊಡಗುವ ಉಷ್ಣಾಂಶವನ್ನು ನೋಡಬೇಕು. ಈಗಿನ ಹಲವು ಮಾಪಕಗಳು ಅದನ್ನು ನೇರವಾಗಿ ತೋರಿಸುತ್ತವೆ. ಜುಲೈ ತಿಂಗಳ ಹೊರಗಿನ ಗಾಳಿ 28 ಡಿಗ್ರಿಯಲ್ಲಿ ಶೇಕಡಾ 90 ಇದ್ದರೆ ಅದರ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಒಳಗೆ 27 ಡಿಗ್ರಿಯಲ್ಲಿ ಶೇಕಡಾ 60 ಇದ್ದರೆ 18 ಮತ್ತು 19ರ ನಡುವೆ. ಒಳಗಿನ ಮತ್ತು ಹೊರಗಿನ ಇಬ್ಬನಿ ಬಿಂದುಗಳ ನಡುವೆ ಐದಾರು ಡಿಗ್ರಿಯ ಅಂತರ ನಿಲ್ಲುತ್ತಿದ್ದರೆ ಯಂತ್ರ ನಿಜವಾಗಿ ಒಣಗಿಸುತ್ತಿದೆ. ಒಂದೆರಡು ಡಿಗ್ರಿಯ ಅಂತರವೂ ಇಲ್ಲದಿದ್ದರೆ ಮುಂದಿನ ಪರೀಕ್ಷೆಗೆ ಹೋಗಬೇಕು.

ಬಕೆಟ್ಟಿನ ಪರೀಕ್ಷೆ: ಇಲ್ಲಿ ದಾರಿ ಎರಡಾಗುತ್ತದೆ

ಯಂತ್ರದ ನೀರು ಹೊರಹೋಗುವ ಕೊಳವೆಯನ್ನು ತಾತ್ಕಾಲಿಕವಾಗಿ ಬಿಚ್ಚಿ ಒಂದು ಬಕೆಟ್ಟಿಗೆ ಬಿಡಬೇಕು. ಆರ್ದ್ರತೆಯ ಗುರಿಯನ್ನು ಅತಿ ಕಡಿಮೆಗೆ ಇಳಿಸಿ, ಕಂಪ್ರೆಸರ್ ನಿಲ್ಲದೆ ಓಡುವಂತೆ ನೋಡಿಕೊಂಡು, ಮೂರು ಗಂಟೆಗಳಲ್ಲಿ ಸಂಗ್ರಹವಾದ ನೀರನ್ನು ಅಳೆದು ಎಂಟರಿಂದ ಗುಣಿಸಿದರೆ ದಿನದ ಲೆಕ್ಕ ಸಿಗುತ್ತದೆ. ಅದನ್ನು ಯಂತ್ರದ ಮೇಲೆ ಬರೆದ ಸಾಮರ್ಥ್ಯದೊಂದಿಗೆ ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. ನಮ್ಮಲ್ಲಿ ಮಾರಾಟವಾಗುವ ಅನೇಕ ಯಂತ್ರಗಳ ಸಾಮರ್ಥ್ಯವನ್ನು 30 ಡಿಗ್ರಿ ಮತ್ತು ಶೇಕಡಾ 80ರ ಗಾಳಿಯಲ್ಲಿ ಅಳೆದು ಬರೆದಿರುತ್ತಾರೆ. 50 ಲೀಟರ್ ಎಂದು ಬರೆದ ಯಂತ್ರ 27 ಡಿಗ್ರಿ, ಶೇಕಡಾ 60ರ ಗಾಳಿಯಿಂದ ಅದರ ಅರ್ಧಕ್ಕೆ ಹತ್ತಿರದಷ್ಟು ನೀರನ್ನು ಮಾತ್ರ ತೆಗೆಯಬಲ್ಲದು. ಅದು ದೋಷವಲ್ಲ.

ಕೋಣೆ ತೇವವಾಗಿಯೇ ಇದ್ದು, ಬಕೆಟ್ಟಿಗೆ ಯಂತ್ರದ ಶಕ್ತಿಗೆ ತಕ್ಕಷ್ಟು ನೀರು ಬರುತ್ತಿದ್ದರೆ ಯಂತ್ರ ಆರೋಗ್ಯವಾಗಿದೆ. ಅದು ತೆಗೆಯುವುದಕ್ಕಿಂತ ಹೆಚ್ಚು ನೀರು ಒಳಗೆ ಬರುತ್ತಿದೆ. ಕೋಣೆ ತೇವವಾಗಿದ್ದು ಬಕೆಟ್ಟಿಗೆ ಹನಿ ಹನಿಯಾಗಿ ಮಾತ್ರ ನೀರು ಬರುತ್ತಿದ್ದರೆ ದೋಷ ಯಂತ್ರದಲ್ಲಿದೆ. ಬಕೆಟ್ಟಿಗೆ ಚೆನ್ನಾಗಿ ನೀರು ಬಂದು, ಕೊಳವೆ ಮತ್ತೆ ಜೋಡಿಸಿದ ಮೇಲೆ ಹೊರಗಿನ ತುದಿಯಲ್ಲಿ ಬರದಿದ್ದರೆ ದೋಷ ನಡುವಿನ ಕೊಳವೆಯಲ್ಲಿ ಅಥವಾ ಪಂಪಿನಲ್ಲಿದೆ. ಇಷ್ಟು ತಿಳಿಯಲು ಯಾವ ತಂತ್ರಜ್ಞರೂ ಬೇಕಾಗಿಲ್ಲ, ಮತ್ತು ಇದನ್ನು ತಿಳಿಯದೆ ತಂತ್ರಜ್ಞರನ್ನು ಕರೆಸಿದರೆ ಬೇಡದ ದುರಸ್ತಿಗೆ ಹಣ ತೆರಬೇಕಾಗುತ್ತದೆ.

ನೀರು ಹೆಚ್ಚು ಬರುತ್ತಿದ್ದರೆ: ಗಾಳಿಯೋ, ನೆಲವೋ, ಮೇಲಿನ ಸ್ಲ್ಯಾಬೋ?

ನಮ್ಮ ಹಿರಿಯರ ಹೆಂಚಿನ ಮನೆಗಳು ಗಾಳಿ ಹಾಯುವುದರಿಂದಲೇ ಉಳಿದವು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಹರಡಿದ ಮಂಗಳೂರು ಹೆಂಚಿನ ಮಾಡು ಸಂದುಸಂದುಗಳಲ್ಲಿ ಉಸಿರಾಡುತ್ತದೆ. ತೇವ ಎಂದೊಡನೆ ಕಿಟಕಿ ತೆರೆಯುವ ಅಭ್ಯಾಸ ನಮಗೆ ಅಲ್ಲಿಂದಲೇ ಬಂದಿರಬೇಕು. ಆದರೆ ಯಂತ್ರವಿಟ್ಟ ಕೋಣೆಗೆ ಆ ಅಭ್ಯಾಸ ಸಲ್ಲದು. ಐದು ಮೀಟರ್ ಅಗಲ, ಆರು ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಕೋಣೆಯಲ್ಲಿ 75 ಘನಮೀಟರ್ ಗಾಳಿಯಿರುತ್ತದೆ. ಮೇಲೆ ಹೇಳಿದ ಹೊರಗಾಳಿಯ ಒಂದು ಘನಮೀಟರಿನಲ್ಲಿ ಸುಮಾರು 24.5 ಗ್ರಾಂ ಆವಿಯಿದ್ದರೆ, ಬೇಕಾದ ಒಳಗಾಳಿಯಲ್ಲಿ ಸುಮಾರು 15.5 ಗ್ರಾಂ. ವೆಂಟಿಲೇಟರ್ ಜಾಲರಿಗಳಿಂದಲೂ ಬಾಗಿಲ ಸಂದಿನಿಂದಲೂ ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾದರೆ, ಆ ಗಾಳಿಯೊಂದೇ ದಿನಕ್ಕೆ 16 ಲೀಟರ್ ನೀರನ್ನು ಹೊತ್ತು ತರುತ್ತದೆ. ಐದು ಗಂಟೆಗೊಮ್ಮೆ ಬದಲಾಗುವಷ್ಟು ಬಿಗಿಗೊಳಿಸಿದರೆ ಅದು ಮೂರು ಲೀಟರ್ ಚಿಲ್ಲರೆಗೆ ಇಳಿಯುತ್ತದೆ. ಯಂತ್ರ ದೊಡ್ಡದು ಮಾಡುವುದಕ್ಕಿಂತ ಒಂದು ಬಾಗಿಲಿಗೆ ರಬ್ಬರ್ ಪಟ್ಟಿ ಹಾಕುವುದು ಎಷ್ಟು ಮೇಲೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಊದಿನಕಡ್ಡಿ ಹಚ್ಚಿ ಬಾಗಿಲ ಅಂಚು, ಕೊಳವೆಗಳು ಗೋಡೆ ತೂರುವ ಜಾಗ, ಮೇಲಿನ ತೊಲೆಯ ಸಂದುಗಳ ಬಳಿ ಹಿಡಿದು, ಹೊಗೆ ಎಲ್ಲಿ ಓರೆಯಾಗುತ್ತದೆಂದು ನೋಡಿ, ಒಂದೊಂದನ್ನೂ ಮುಚ್ಚಬೇಕು.

ನೆಲದಿಂದ ಬರುವ ನೀರನ್ನು ಗುರುತಿಸುವುದು ಇದಕ್ಕಿಂತ ಕಷ್ಟ, ಮತ್ತು ಇದು ನಮ್ಮ ಊರಿನದೇ ಆದ ಸಮಸ್ಯೆ. ಮುರಕಲ್ಲು ರಂಧ್ರಮಯವಾದ ಕಲ್ಲು. ಮಳೆ ಅದರೊಳಗೆ ಸುಲಭವಾಗಿ ಇಳಿಯುತ್ತದೆ. ಅದರ ಕೆಳಗೆ ಹಲವೆಡೆ ಬಿಳಿ ಅಥವಾ ನಸುಗೆಂಪು ಬಣ್ಣದ ಶೇಡಿ ಮಣ್ಣಿನ ಪದರವಿರುತ್ತದೆ, ಅದು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಆದ್ದರಿಂದ ಮುರಕಲ್ಲಿನಲ್ಲಿ ಇಳಿದ ನೀರು ಶೇಡಿಯ ಮೇಲೆ ಅಡ್ಡಕ್ಕೆ ಹರಿದು, ಗುಡ್ಡ ಕಡಿದ ಕಡೆ ಒರತೆಯಾಗಿ ಹೊರಬೀಳುತ್ತದೆ. ನಿಮ್ಮ ಕೋಣೆಯ ಹಿಂಗೋಡೆ ನಿಂತಿರುವುದು ಸರಿಯಾಗಿ ಅಲ್ಲಿಯೇ. ಇದೇ ಕಾರಣದಿಂದ ಮಳೆ ನಿಂತು ಬಿಸಿಲು ಬಂದ ಮೇಲೂ ಹಲವು ದಿನ ಗೋಡೆಯ ಬುಡ ಒಸರುತ್ತಿರುತ್ತದೆ.

ಹೀಗಾಗಿ ಒಂದು ಪುಸ್ತಕವಿಟ್ಟು ಪ್ರತಿದಿನ ಒಂದೇ ಹೊತ್ತಿನಲ್ಲಿ ಒಳಗಿನ ಇಬ್ಬನಿ ಬಿಂದು, ಬಕೆಟ್ಟಿನ ನೀರು ಮತ್ತು ಆ ದಿನದ ಮಳೆಯ ಸ್ವರೂಪ ಇವಿಷ್ಟನ್ನು ಬರೆದಿಡುವಂತೆ ನಾನು ಎಲ್ಲರಿಗೂ ಹೇಳುತ್ತೇನೆ. ಎರಡು ವಾರದ ಟಿಪ್ಪಣಿ ಯಾವ ದುಬಾರಿ ಉಪಕರಣಕ್ಕಿಂತಲೂ ಸ್ಪಷ್ಟವಾಗಿ ಮಾತಾಡುತ್ತದೆ. ಜೋರು ಮಳೆ ಬಂದ ಕೆಲವೇ ಗಂಟೆಗಳಲ್ಲಿ ತೇವ ಏರಿ, ಮಳೆ ನಿಂತೊಡನೆ ಇಳಿಯುತ್ತಿದ್ದರೆ ಮಾಡಿನ ದಂಬೆಯ (ಮಳೆನೀರಿನ ದೋಣಿಯ) ನೀರು, ಅಂಗಳದ ನೀರು ಅಥವಾ ಕಟ್ಟಿಕೊಂಡ ಚರಂಡಿಯ ನೀರು ಪಂಚಾಂಗದ, ಎಂದರೆ ಮನೆಯ ಅಡಿಪಾಯದ, ಬದಿಗೆ ಬೀಳುತ್ತಿದೆ ಎಂದು ತಿಳಿಯಬೇಕು. ಮಳೆಯಾಗಿ ಎರಡು ಮೂರು ದಿನಗಳ ಮೇಲೆ ಏರಿ ನಿಧಾನವಾಗಿ ಇಳಿಯುತ್ತಿದ್ದರೆ ಅದು ಬರೆಯ ಒರತೆ. ಮಳೆಗೆ ಸಂಬಂಧವಿಲ್ಲದೆ, ಬಾಗಿಲು ಹೆಚ್ಚು ತೆರೆದ ದಿನ ಅಥವಾ ಗಾಳಿ ಜೋರಾಗಿದ್ದ ದಿನ ಏರುತ್ತಿದ್ದರೆ ಅದು ಹೊರಗಾಳಿ. ಮಳೆಗೂ ಗಾಳಿಗೂ ಸಂಬಂಧವಿಲ್ಲದೆ ಸದಾ ಒಂದೇ ಸಮನಾಗಿದ್ದರೆ ನೀರಿನ ಕೊಳವೆ ಸೋರುತ್ತಿರಬಹುದು; ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ಮೀಟರಿನ ಅಂಕಿ ಬರೆದಿಟ್ಟು ಬೆಳಿಗ್ಗೆ ನೋಡಿದರೆ ಅದು ಗೊತ್ತಾಗುತ್ತದೆ.

ಒರತೆಯ ಅನುಮಾನ ಬಂದಾಗ ಅಂಗಳದ ಬಾವಿಯೇ ಒಳ್ಳೆಯ ಸಾಕ್ಷಿ. ಜುಲೈಯಲ್ಲಿ ನಮ್ಮ ಬಾವಿಗಳ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ. ಹಗ್ಗಕ್ಕೆ ಗಂಟು ಹಾಕಿ ನೀರಿನ ಮಟ್ಟವನ್ನು ಅಳೆದು, ಕೆಳಗಿನ ಕೋಣೆಯ ನೆಲದ ಮಟ್ಟದೊಂದಿಗೆ ಹೋಲಿಸಬೇಕು. ಬಾವಿಯ ನೀರು ಕೋಣೆಯ ನೆಲಕ್ಕಿಂತ ಮೇಲಿದ್ದರೆ, ಆ ಕೋಣೆ ಅಂತರ್ಜಲದೊಳಗೆ ನಿಂತಿರುವ ಸಂಭವ ಹೆಚ್ಚು. ಅದನ್ನು ಯಾವ ಡಿಹ್ಯೂಮಿಡಿಫೈಯರ್‌ನಿಂದಲೂ ಒಣಗಿಸಲಾಗದು. ಒಣಗಿಸಿಕೊಡುತ್ತೇವೆಂದು ಹೇಳುವವರ ಮಾತನ್ನು ನಂಬಬಾರದು. ನೆಲ ಮತ್ತು ಗೋಡೆಗಳನ್ನು ಒಂದೊಂದಾಗಿ ಪರೀಕ್ಷಿಸಲು ಅರ್ಧ ಮೀಟರ್ ಚೌಕದ ದಪ್ಪ ಪಾಲಿಥಿನ್ ಹಾಳೆಯನ್ನು ಒರೆಸಿದ ಮೇಲ್ಮೈಗೆ ನಾಲ್ಕೂ ಅಂಚುಗಳಲ್ಲಿ ಟೇಪು ಹಚ್ಚಿ ಅಂಟಿಸಿ, ಹದಿನಾರು ಗಂಟೆಗಳಿಗಿಂತ ಕಡಿಮೆಯಿಲ್ಲದಂತೆ ಬಿಡಬೇಕು. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ, ಹನಿಗಟ್ಟಿದ್ದರೆ ನೀರು ಒಳಗಿನಿಂದ ಬರುತ್ತಿದೆ. ಹಾಳೆಯ ಮೇಲೆ ಹನಿಗಟ್ಟಿದ್ದರೆ ಗಾಳಿಯ ಆವಿ ತಣ್ಣನೆಯ ಮೇಲ್ಮೈಗೆ ಕೂತಿದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಮೂಡಿ ಗಾರೆ ಉದುರುತ್ತಿದ್ದರೆ ಅದೂ ಒಳಗಿನ ನೀರಿನ ಗುರುತೇ.

ಇಂಥ ಗೋಡೆಗೆ ಒಳಗಿನಿಂದ ಜಲನಿರೋಧಕ ಬಣ್ಣ ಬಳಿಯುವುದರಿಂದ ಶಾಶ್ವತ ಪರಿಹಾರ ಸಿಗುವುದು ಅಪರೂಪ. ಹಿಂದಿನಿಂದ ಒತ್ತುವ ನೀರು ಕಾಲಕ್ರಮದಲ್ಲಿ ಬಣ್ಣವನ್ನು ಗುಳ್ಳೆಯೆಬ್ಬಿಸಿ ಕಿತ್ತುಹಾಕುತ್ತದೆ. ನೀರನ್ನು ಗೋಡೆ ಮುಟ್ಟುವ ಮೊದಲೇ ತಿರುಗಿಸಬೇಕು. ಗುಡ್ಡದ ಮೇಲ್ಬದಿಯಲ್ಲಿ ಕೋಣೆಯ ನೆಲಕ್ಕಿಂತ ಆಳದ ಕಣಿ ತೋಡಿ, ರಂಧ್ರವಿರುವ ಕೊಳವೆ ಹಾಕಿ, ಸೋಸುಬಟ್ಟೆ ಸುತ್ತಿ, ಜಲ್ಲಿ ತುಂಬಿ, ಆ ನೀರನ್ನು ಕೆಳಗಿನ ತೋಡಿಗೆ ಬಿಡುವುದು ಸರಿಯಾದ ಕ್ರಮ. ಬರೆಯ ಬುಡದಲ್ಲಿ ಅಗೆಯುವ ಈ ಕೆಲಸವನ್ನು ಎಂಜಿನಿಯರರ ಸಲಹೆ ಪಡೆದು ಬೇಸಗೆಯಲ್ಲಿಯೇ ಮುಗಿಸಬೇಕು, ಮಳೆಗಾಲದಲ್ಲಿ ಕೈ ಹಾಕಲೇಬಾರದು. ಬರೆಗೆ ಕಟ್ಟಿದ ತಡೆಗೋಡೆಯಲ್ಲಿ ನೀರು ಇಳಿಯಲೆಂದು ಬಿಟ್ಟ ತೂತುಗಳನ್ನು, ಅಲ್ಲಿಂದ ತೇವ ಬರುತ್ತದೆಂಬ ಕಾರಣಕ್ಕೆ, ಯಾರೂ ಎಂದೂ ಮುಚ್ಚಬಾರದು. ಹಿಂದೆ ನೀರು ಕಟ್ಟಿಕೊಂಡು ಅದರ ಒತ್ತಡಕ್ಕೆ ಗೋಡೆಯೇ ಬೀಳಬಹುದು. ಪ್ರತಿ ಮಳೆಗಾಲದಲ್ಲಿ ಬರೆ ಜರಿಯುವ ಈ ಜಿಲ್ಲೆಗಳಲ್ಲಿ ಇದು ಜೀವದ ಪ್ರಶ್ನೆ.

ನೆಲ ಬರಿಯ ಮಣ್ಣಾಗಿದ್ದರೆ, ಅಥವಾ ತೆಳುವಾದ ಹಳೆಯ ಕಾಂಕ್ರೀಟಾಗಿದ್ದರೆ, ಅದರ ಮೇಲೆ ಕನಿಷ್ಠ 250 ಮೈಕ್ರಾನ್ ದಪ್ಪದ ಪಾಲಿಥಿನ್ ಹೊದಿಕೆ ಹಾಸಿರಬೇಕು. ಹಾಳೆಗಳು ಒಂದರ ಮೇಲೊಂದು ಒಂದು ಅಡಿಯಷ್ಟು ಕೂತು, ಸೇರುವೆಗಳಿಗೆ ಟೇಪು ಹಾಕಿ, ಗೋಡೆಯ ಮೇಲೆ ಒಂದು ಗೇಣಾದರೂ ಏರಿಸಿ ಅಂಟಿಸಿರಬೇಕು. ಅಳವಡಿಕೆಯ ಗುತ್ತಿಗೆಯಲ್ಲಿ ಈ ಕೆಲಸ ಸೇರಿತ್ತೇ ಎಂದು ನೋಡಬೇಕು. ಯಂತ್ರದ ಬೆಲೆ ಇಳಿಸಿ ಹೊದಿಕೆಯನ್ನು ಬಿಟ್ಟುಬಿಡುವ ವ್ಯವಹಾರ ಇಬ್ಬರಿಗೂ ನಷ್ಟದ್ದು.

ಮೂರನೆಯ ಮೂಲ ಯಾರ ಗಮನಕ್ಕೂ ಬೇಗ ಬರುವುದಿಲ್ಲ. ಕೆಳಗಿನ ಜಾಗದ ಸರಿ ಮೇಲೆ ಮಲಗುವ ಕೋಣೆಯಿದ್ದು, ಅಲ್ಲಿ ಎಸಿಯನ್ನು 22–23 ಡಿಗ್ರಿಗೆ ಇಟ್ಟು ರಾತ್ರಿಯಿಡೀ ಓಡಿಸಿದರೆ, ನಡುವಿನ ಸ್ಲ್ಯಾಬಿನ ಅಡಿಭಾಗ 25 ಡಿಗ್ರಿಯ ಆಸುಪಾಸಿಗೆ ತಣಿಯುತ್ತದೆ. ಕೆಳಗಿನ ಗಾಳಿಯ ಇಬ್ಬನಿ ಬಿಂದು 26 ಇದ್ದರೆ ಸ್ಲ್ಯಾಬಿನ ಅಡಿ ಬೆವರಿ ಹನಿ ತೊಟ್ಟಿಕ್ಕುತ್ತದೆ. ಮನೆಯವರು ಬಚ್ಚಲಿನ ಕೊಳವೆ ಒಡೆದಿದೆಯೆಂದು ಟೈಲ್ಸ್ ಕೀಳಿಸುತ್ತಾರೆ. ಹನಿಗಳು ಬೆಳಗಿನ ಜಾವ ಹೆಚ್ಚಿದ್ದು, ಎಸಿ ಹಾಕದ ದಿನ ಇಲ್ಲವಾದರೆ ಇದೇ ಕಾರಣ. ಎಸಿಯನ್ನು 26ಕ್ಕೆ ಏರಿಸುವುದು, ಕೆಳಗಿನ ಕೋಣೆಯನ್ನು ಬಿಗಿಗೊಳಿಸಿ ಇಬ್ಬನಿ ಬಿಂದುವನ್ನು 20ರ ಬಳಿಗೆ ಇಳಿಸುವುದು, ಆಗದಿದ್ದರೆ ಸ್ಲ್ಯಾಬಿನ ಅಡಿಗೆ ಆವಿ ತೂರದ ಶಾಖನಿರೋಧಕ ಹಾಳೆ ಅಂಟಿಸುವುದು ಇದಕ್ಕೆ ಮದ್ದು.

ನೀರು ಕಡಿಮೆ ಬರುತ್ತಿದ್ದರೆ: ಯಂತ್ರದ ಪರೀಕ್ಷೆ

ಮೊದಲು ಜಾಲರಿಯ ಫಿಲ್ಟರ್ ತೆಗೆದು ತೊಳೆದು ಒಣಗಿಸಿ ಹಾಕಬೇಕು. ಮಳೆಗಾಲದಲ್ಲಿ ಇದು ತಿಂಗಳಿಗೊಮ್ಮೆ ನಡೆಯಬೇಕಾದ ಕೆಲಸ. ಬಳಿಕ ಯಂತ್ರವನ್ನು ಅರ್ಧ ಗಂಟೆ ಓಡಿಸಿ ಹೊರಬರುವ ಗಾಳಿಯ ಉಷ್ಣಾಂಶವನ್ನು ನೋಡಬೇಕು. ಅದು ಒಳಹೋಗುವ ಗಾಳಿಗಿಂತ ಹಲವು ಡಿಗ್ರಿ ಬಿಸಿಯಾಗಿರಬೇಕು. ಎರಡೂ ಒಂದೇ ಆಗಿದ್ದರೆ ಫ್ಯಾನ್ ಮಾತ್ರ ತಿರುಗುತ್ತಿದೆ, ಕಂಪ್ರೆಸರ್ ಕೆಲಸ ಮಾಡುತ್ತಿಲ್ಲ ಅಥವಾ ಗ್ಯಾಸ್ ಪೂರ್ತಿ ಹೋಗಿದೆ. ಕಂಪ್ರೆಸರ್ ಗುಂಯ್ ಎಂದು ಕೆಲವು ಕ್ಷಣ ಮೊರೆದು ಟಕ್ ಎಂದು ನಿಂತು, ಮತ್ತೆ ಮತ್ತೆ ಹಾಗೆಯೇ ಮಾಡುತ್ತಿದ್ದರೆ ಅದನ್ನು ಹೊರಡಿಸಲು ನೆರವಾಗುವ ಕೆಪಾಸಿಟರ್ ಹಾಳಾಗಿರಬಹುದು, ಅಥವಾ ವೋಲ್ಟೇಜ್ ಸಾಲದಿರಬಹುದು. ಪ್ಲಗ್ಗಿನ ಬಳಿ ವೋಲ್ಟೇಜು ಕಂಪ್ರೆಸರ್ ಹೊರಡುವ ಗಳಿಗೆಯಲ್ಲಿ 200ರ ಕೆಳಗೆ ಕುಸಿಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಉದ್ದದ ತೆಳು ತಂತಿಯನ್ನು ಮತ್ತು ಸಡಿಲವಾದ ಜೋಡಣೆಯನ್ನು.

ವಿದ್ಯುತ್ ಹೋಗಿ ಬಂದ ಮೇಲೆ ಯಂತ್ರ ತಾನಾಗಿ ಆರಂಭವಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಕಂಪ್ರೆಸರಿನ ರಕ್ಷಣೆಗೆಂದು ಮೂರು ನಾಲ್ಕು ನಿಮಿಷ ತಡೆದು ಆರಂಭವಾಗುವುದು ಸಹಜ, ಆದರೆ ಕೆಲವು ಯಂತ್ರಗಳು ಗುಂಡಿ ಒತ್ತುವವರೆಗೆ ಸುಮ್ಮನೇ ಇರುತ್ತವೆ. ಗಾಳಿಮಳೆಯ ದಿನಗಳಲ್ಲಿ ವಿದ್ಯುತ್ ಹೋಗಿ ಬರುತ್ತಿರುವಾಗ, ಯಾರೂ ಇಳಿದು ನೋಡದ ಕೋಣೆಯಲ್ಲಿ ಯಂತ್ರ ವಾರಗಟ್ಟಲೆ ನಿಂತಿರುವುದುಂಟು.

ಒಳಗಿನ ತಣ್ಣನೆಯ ಸುರುಳಿಯನ್ನು ಟಾರ್ಚ್ ಹಿಡಿದು ನೋಡಿದರೆ ಬಹಳ ವಿಷಯ ತಿಳಿಯುತ್ತದೆ. ಎಲ್ಲ ಸಾಲುಗಳೂ ಸಮವಾಗಿ ಒದ್ದೆಯಾಗಿದ್ದರೆ ಎಲ್ಲವೂ ಸರಿ. ಮೊದಲ ಒಂದೆರಡು ಸಾಲುಗಳಿಗೆ ಮಾತ್ರ ಮಂಜು ಕಟ್ಟಿ ಉಳಿದದ್ದು ಒಣಗಿದ್ದರೆ ಗ್ಯಾಸ್ ಕಡಿಮೆಯಾಗಿದೆ. ಇಡೀ ಸುರುಳಿ ಮಂಜುಗಡ್ಡೆಯಾಗಿದ್ದರೆ ಗಾಳಿಯ ಓಟ ಕಡಿಮೆಯಾಗಿದೆ, ಎಂದರೆ ಫ್ಯಾನಿನ ದೋಷ, ಅಥವಾ ಸುರುಳಿಯ ತೆಳು ಲೋಹದ ರೆಕ್ಕೆಗಳ ನಡುವೆ ಕಸ ಕಟ್ಟಿಕೊಂಡ ದೋಷ. ತಣ್ಣನೆಯ ದೇಶಗಳಲ್ಲಿ ಕೋಣೆಯೇ 15 ಡಿಗ್ರಿಗಿಂತ ಕೆಳಗಿಳಿದಾಗ ಸುರುಳಿಗೆ ಮಂಜು ಕಟ್ಟುವುದುಂಟು. ಅಲ್ಲಿಯ ಕೈಪಿಡಿಗಳು ಅದನ್ನು ಸಹಜವೆನ್ನುತ್ತವೆ. ಮಂಗಳೂರಿನಲ್ಲಿ, ಉಡುಪಿಯಲ್ಲಿ ಕೋಣೆ ಅಷ್ಟು ತಣಿಯುವುದೇ ಇಲ್ಲವಾದ್ದರಿಂದ, ಇಲ್ಲಿ ಮಂಜು ಕಂಡರೆ ಅದು ದೋಷವೇ. ಕಡಲಿಗೆ ಹತ್ತಿರದ ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಅಲ್ಯೂಮಿನಿಯಂ ರೆಕ್ಕೆಗಳು ಉಪ್ಪುಗಾಳಿಗೆ ಬಿಳಿ ಪುಡಿಯಾಗಿ ಉದುರುತ್ತವೆ. ಹೊಸ ಯಂತ್ರ ಕೊಳ್ಳುವಾಗ ರಕ್ಷಕ ಲೇಪನವಿರುವ ಸುರುಳಿಯನ್ನೇ ಕೇಳಿ ಪಡೆಯಬೇಕು. ಗ್ಯಾಸಿನ ಮುಚ್ಚಿದ ವ್ಯವಸ್ಥೆಯನ್ನು ಮನೆಯವರು ಬಿಚ್ಚಬಾರದು. ಈಚಿನ ಕೆಲವು ಯಂತ್ರಗಳಲ್ಲಿ ಬಳಸುವ ಆರ್290 ಎಂಬುದು ಪ್ರೊಪೇನ್, ಬೆಂಕಿ ಹತ್ತುವಂಥದ್ದು. ತಂತ್ರಜ್ಞರು ಬಂದಾಗಲೂ ಸೋರುವ ಜಾಗವನ್ನು ಹುಡುಕಿ ಮುಚ್ಚದೆ ಗ್ಯಾಸ್ ಮಾತ್ರ ತುಂಬಿ ಹೋದರೆ ಅದೇ ದೋಷ ಮರಳಿ ಬರುತ್ತದೆ.

ನೀರು ಹೊರಹೋಗುವ ದಾರಿ

ಕೊಳವೆ ತಾನಾಗಿ ಹರಿಯುವಂಥದ್ದಾದರೆ ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ಇಳಿಜಾರು ಇರಬೇಕು, ನಡುವೆ ಎಲ್ಲಿಯೂ ಜೋತುಬಿದ್ದಿರಬಾರದು. ಪಾಚಿ ಮತ್ತು ಲೋಳೆ ಕಟ್ಟುವುದು ನಮ್ಮ ಹವೆಯಲ್ಲಿ ಅನಿವಾರ್ಯ; ಬಿಸಿನೀರು ಹಾಯಿಸಿ ತೊಳೆಯಬೇಕು. ಪಂಪಿದ್ದರೆ ತೊಟ್ಟಿಗೆ ಒಂದು ಚೊಂಬು ನೀರು ಸುರಿದು, ಫ್ಲೋಟ್ ಎದ್ದು ಪಂಪು ಹೊರಡುತ್ತದೆಯೇ ಎಂದು ನೋಡಬೇಕು. ಪಂಪು ಕೆಟ್ಟಾಗ ಸುರಕ್ಷತೆಯ ಫ್ಲೋಟ್ ಯಂತ್ರವನ್ನೇ ನಿಲ್ಲಿಸುತ್ತದೆ. ಯಂತ್ರವೇ ಕೆಟ್ಟಿತೆಂದು ತೋರುವ ಹಲವು ದೂರುಗಳ ಮೂಲ ಇಷ್ಟೇ. ಹೊರಗಿನ ತುದಿ ಎಲ್ಲಿ ಬೀಳುತ್ತದೆ ಎಂಬುದನ್ನು ಮಳೆಯಲ್ಲಿಯೇ ಹೋಗಿ ನೋಡಬೇಕು. ಅದು ಅದೇ ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ತೆಗೆದ ನೀರು ಮರಳಿ ಒಳಗೆ ಬರುತ್ತದೆ, ತುಂಬಿ ಹರಿಯುವ ಚರಂಡಿಯಲ್ಲಿ ಮುಳುಗಿದ್ದರೆ ಹಿಂದಕ್ಕೆ ನುಗ್ಗುತ್ತದೆ.

ಗುರಿ ಎಷ್ಟಿರಬೇಕು, ಯಾವಾಗ ನಿಲ್ಲಿಸಬೇಕು

ವಿದೇಶದ ಕೈಪಿಡಿಗಳನ್ನು ನೋಡಿ ಗುರಿಯನ್ನು 45ಕ್ಕೋ 50ಕ್ಕೋ ಇಡುವುದು ಇಲ್ಲಿ ಅನಗತ್ಯ. ಗೋಡೆಯ ಮತ್ತು ಸಾಮಾನಿನ ಮೇಲ್ಮೈಯಲ್ಲಿ ಆರ್ದ್ರತೆ 70 ದಾಟದಂತೆ ನೋಡಿಕೊಂಡರೆ ಬೂಷ್ಟಿಗೆ ಬೆಳೆಯಲು ಅವಕಾಶವಿಲ್ಲ; ಮಾಪಕದ ತಪ್ಪಿಗೂ ಮೂಲೆಗಳ ಹೆಚ್ಚುವರಿ ತೇವಕ್ಕೂ ಹತ್ತು ಅಂಕಿ ಬಿಟ್ಟು 60ಕ್ಕೆ ಇಡುವುದು ಸಾಕು. ಇನ್ನೂ ಕೆಳಗಿಳಿಸಿದರೆ ವಿದ್ಯುತ್ ಖರ್ಚು ಏರುತ್ತದೆ, ಕರಾವಳಿಯ ಹವೆಗೆ ಹೊಂದಿಕೊಂಡ ಹಳೆಯ ಹಲಸು, ಸಾಗುವಾನಿಯ ಸಾಮಾನುಗಳ ಬೆಸುಗೆಗಳೂ ಸಡಿಲಗೊಳ್ಳಬಹುದು. ದೋಷ ಸರಿಪಡಿಸಿದ ಮೇಲೂ ಆರ್ದ್ರತೆ ಒಂದೇ ದಿನದಲ್ಲಿ ಇಳಿಯುವುದಿಲ್ಲ. ಗೋಡೆ, ನೆಲ, ಮರ, ಪುಸ್ತಕಗಳು ಹೀರಿಟ್ಟುಕೊಂಡ ನೀರು ವಾರಗಳ ಕಾಲ ಹೊರಬರುತ್ತಲೇ ಇರುತ್ತದೆ; ಟಿಪ್ಪಣಿ ಪುಸ್ತಕದಲ್ಲಿ ಬಕೆಟ್ಟಿನ ನೀರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂದರೆ ದಾರಿ ಸರಿಯಿದೆ.

ಡಿಸೆಂಬರಿನಿಂದ ಫೆಬ್ರವರಿವರೆಗೆ ಹೊರಗಿನ ಇಬ್ಬನಿ ಬಿಂದು ಒಳಗಿನದಕ್ಕಿಂತ ಕಡಿಮೆಯಿರುವ ಒಣ ಮಧ್ಯಾಹ್ನಗಳಲ್ಲಿ ಯಂತ್ರ ನಿಲ್ಲಿಸಿ ಬಾಗಿಲು ತೆರೆದಿಡಬಹುದು, ಸಂಜೆಗೆ ಮುಚ್ಚಬೇಕು. ಆ ಬಿಡುವಿನಲ್ಲಿ ಸುರುಳಿ ತೊಳೆಸುವುದು, ಹೊದಿಕೆಯ ಹರಿದ ಕಡೆ ಟೇಪು ಹಾಕುವುದು, ಮೇಲ್ಬದಿಯ ಕಣಿಯ ಹೂಳು ತೆಗೆಸುವುದು ನಡೆಯಲಿ. ಮೇ ತಿಂಗಳ ನಡುವಿನಲ್ಲಿ, ಮೊದಲ ಮಳೆಗೆ ಕಾಯದೆ, ಯಂತ್ರವನ್ನು ಮತ್ತೆ ಹಾಕಬೇಕು. ಮುಂಗಾರಿಗೆ ಮುಂಚಿನ ಆ ಸೆಕೆಯ ದಿನಗಳಲ್ಲಿಯೇ ಕಡಲ ಗಾಳಿ ತೇವದಿಂದ ತುಂಬಿರುತ್ತದೆ, ಮತ್ತು ಕೋಣೆಯ ಗೋಡೆಗಳು ಅದನ್ನು ಹೀರತೊಡಗಿದ ಮೇಲೆ ಜೂನ್‌ನಲ್ಲಿ ಯಂತ್ರಕ್ಕೆ ಎರಡರಷ್ಟು ಕೆಲಸ ಬೀಳುತ್ತದೆ. ಹಾಕಿದ ದಿನವೇ ಬಕೆಟ್ಟಿನ ಪರೀಕ್ಷೆಯನ್ನು ಒಮ್ಮೆ ಮಾಡಿ ಅಂಕಿಯನ್ನು ಯಂತ್ರದ ಬದಿಯಲ್ಲಿ ಬರೆದು ಅಂಟಿಸಿದರೆ, ಜುಲೈಯಲ್ಲಿ ಅನುಮಾನ ಬಂದಾಗ ಹೋಲಿಸಲು ಅದು ಬೇಕಾಗುತ್ತದೆ.